ಅಕ್ಕಿ ಚೀಲಕ್ಕೆ ಮಾರುಕಟ್ಟೆ ಸಮೀಕ್ಷೆ: ಗಂಗಾವತಿ, ಬಳ್ಳಾರಿ ಭಾಗದಲ್ಲಿ ನಾವು ಮಾಡುವ ರೀತಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಸಣ್ಣ ಮಿಲ್ಲಿನವರು ಸ್ವಂತ ಹೆಸರಿನ ಅಕ್ಕಿ ಚೀಲ ತರಬೇಕೆಂದಾಗ ಮೊದಲು ಕೇಳುವುದು ಸಮೀಕ್ಷೆಗೆ ಯಾವ ಆ್ಯಪ್ ಒಳ್ಳೆಯದು ಎಂದು. ನಾವು ಆ್ಯಪನ್ನು ಕೊನೆಗೆ ಆರಿಸುತ್ತೇವೆ. ಮೊದಲು ಒಂದು ಹಾಳೆಯ ಮೇಲೆ ನಿರ್ಧಾರಗಳನ್ನು ಬರೆಯುತ್ತೇವೆ: ಚೀಲದ ತೂಕ ಎಷ್ಟಿರಬೇಕು, ಸ್ಟೀಮ್ ಅಕ್ಕಿಯೋ (ಭತ್ತಕ್ಕೆ ಹಬೆ ಕೊಟ್ಟು ಮಾಡಿದ್ದು) ರಾ ಅಕ್ಕಿಯೋ (ಹಬೆ ಕೊಡದೆ ಮಾಡಿದ್ದು), ದರ ಎಷ್ಟು, ಅಂಗಡಿಗೆ ಎಷ್ಟು ದಿನ ಉದ್ರಿ ಕೊಡಬೇಕು. ಈ ಯಾವುದನ್ನೂ ಬದಲಿಸದ ಪ್ರಶ್ನೆ ಫಾರ್ಮಿನಲ್ಲಿ ಉಳಿಯಬಾರದು. ಹತ್ತು ಹನ್ನೆರಡು ಪ್ರಶ್ನೆ ಸಾಕು. ಬಾಗಿಲಲ್ಲಿ ನಿಂತವರು ಅದಕ್ಕಿಂತ ಹೆಚ್ಚಿಗೆ ತಾಳ್ಮೆಯಿಂದ ಉತ್ತರಿಸುವುದಿಲ್ಲ.

ಭತ್ತದ ದರಕ್ಕೆ ಖರ್ಚು ಬೇಡ. ರಾಜ್ಯದ ಜಾಲತಾಣ ಕೃಷಿ ಮಾರಾಟ ವಾಹಿನಿ ಮತ್ತು ಕೇಂದ್ರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ದರ ಸಿಗುತ್ತವೆ. ಮಾದರಿ ದರವನ್ನೇ ಹಿಡಿಯಿರಿ, ಗರಿಷ್ಠ ದರ ಒಂದೆರಡು ಒಳ್ಳೆಯ ಲಾಟಿನದ್ದಾಗಿರಬಹುದು. ಒಂದು ಕಡೆ ಲೆಕ್ಕ ಎಡವುತ್ತದೆ: ಅಲ್ಲಿ ದರ ಕ್ವಿಂಟಲಿಗೆ, ನಮ್ಮ ಭಾಗದ ವ್ಯಾಪಾರದ ಮಾತು 75 ಕೆಜಿ ಚೀಲಕ್ಕೆ. ಎರಡನ್ನೂ ಒಂದೇ ಶೀಟಿನಲ್ಲಿ ಬೆರೆಸಿದರೆ ದರ ಕಾಲು ಭಾಗ ಕಡಿಮೆಯೋ ಮೂರನೇ ಒಂದು ಭಾಗ ಹೆಚ್ಚೋ ಆಗುತ್ತದೆ. ಭತ್ತದಿಂದ ಅಕ್ಕಿಗೆ ಬರುವಾಗ ಸರ್ಕಾರಿ ಖರೀದಿಯ ಶೇ 67ರ ಇಳುವರಿ ಲೆಕ್ಕವನ್ನು ನೆಚ್ಚಬೇಡಿ. ಅದರಲ್ಲಿ ನುಚ್ಚೂ ಸೇರಿದೆ, ಚೀಲಕ್ಕೆ ತುಂಬುವುದು ಇಡೀ ಕಾಳು. ನುಚ್ಚು ತೆಗೆದ ಮೇಲೆ ನಿಮ್ಮ ಮಿಲ್ಲಿನಲ್ಲಿ ಎಷ್ಟು ಉಳಿಯುತ್ತದೋ ಅದೇ ನಿಜ.

ಜನ ಗೂಗಲ್‌ನಲ್ಲಿ ಏನನ್ನು ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಅದು ಕೊಡುವುದು 0ಯಿಂದ 100ರ ಸಾಪೇಕ್ಷ ಅಂಕ, ಹುಡುಕಾಟ ಕಡಿಮೆ ಇರುವ ಊರಿಗೆ ಸೊನ್ನೆ ತೋರಿಸುತ್ತದೆ. ಸೊನ್ನೆ ಎಂದರೆ ಬೇಡಿಕೆ ಇಲ್ಲ ಎಂದಲ್ಲ.

ನನ್ನ ಮಟ್ಟಿಗೆ ಅತ್ಯಂತ ಅಗ್ಗದ, ಅತ್ಯಂತ ಸತ್ಯದ ಸಾಧನ ಕಿರಾಣಿ ಅಂಗಡಿಯ ಕೌಂಟರ್ ಪಕ್ಕದ ನೋಟ್‌ಬುಕ್. ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆ, ರಾಯಚೂರಿನ ತೀನ್ ಕಂದೀಲ್ ಸುತ್ತ ದೊಡ್ಡ, ನಡು, ಚಿಕ್ಕ ಅಂಗಡಿಗಳನ್ನು ಸಮನಾಗಿ ಆರಿಸಿ, ಸಾವ್ಕಾರರ ಒಪ್ಪಿಗೆ ಪಡೆದು, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಕೂರುತ್ತೇವೆ. ಪ್ರತಿ ಮಾರಾಟಕ್ಕೆ ಒಂದು ಗೆರೆ: ಚೀಲದ ತೂಕ, ಹೆಸರು, ರೊಕ್ಕವೋ ಉದ್ರಿಯೋ, ಗಿರಾಕಿ ಹೆಸರು ಹೇಳಿ ಕೇಳಿದರೋ ಅಥವಾ ಅಂಗಡಿಯವರು ಕೊಟ್ಟದ್ದನ್ನು ಒಯ್ದರೋ. ಈ ಕೊನೆಯ ಕಲಂ ಚಿನ್ನದಂಥದ್ದು. ಅಂಗಡಿಯವರೇ ಆರಿಸಿಕೊಡುವುದು ಹೆಚ್ಚಿದ್ದರೆ ಜಾಹೀರಾತಿಗೆ ಹಾಕುವ ದುಡ್ಡು ಅಂಗಡಿಯ ಲಾಭಾಂಶಕ್ಕೂ ಉದ್ರಿ ಅವಧಿಗೂ ಹೋಗಬೇಕು. ಎಣಿಕೆಯಲ್ಲಿ ತಿಂಗಳ ಮೊದಲ ವಾರ, ಮೂರನೆಯ ವಾರ ಎರಡೂ ಇರಲಿ. ಪಗಾರ ಬಂದ ವಾರದ ದೊಡ್ಡ ಚೀಲ ಆಮೇಲೆ ಬಿಡಿ ಕಿಲೋಗೆ ಇಳಿಯುತ್ತದೆ. 26 ಕೆಜಿ ಚೀಲ ಕಂಡರೆ ಅದು ಗಿರಾಕಿಯ ಆಸೆ ಎಂದು ತಿಳಿಯಬೇಡಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಚೀಲಕ್ಕೆ ಶೇ 5 ಜಿಎಸ್‌ಟಿ ಬಿತ್ತು, ಅದಕ್ಕೇ ಈ ತೂಕ ರೂಢಿಗೆ ಬಂತು.

ಮನೆ ಸಮೀಕ್ಷೆಯಲ್ಲಿ 'ಹೊಸ ಅಕ್ಕಿ ಬಂದರೆ ಕೊಳ್ಳುತ್ತೀರಾ' ಎಂದು ಕೇಳಬಾರದು. ಮುಖ ನೋಡಿ ಎಲ್ಲರೂ ಹೌದೆನ್ನುತ್ತಾರೆ. 'ಅಕ್ಕಾರ, ಈಗ ಮನ್ಯಾಗಿರೋ ಅಕ್ಕಿ ಚೀಲ ಸ್ವಲ್ಪ ತೋರಸ್ತೀರೇನ್ರಿ?' ಎಂದು ಕೇಳುತ್ತೇವೆ. ಚೀಲವೇ ಉತ್ತರ ಹೇಳುತ್ತದೆ. ಪಡಿತರದ ಅಕ್ಕಿಯ ಜತೆ ಎಷ್ಟು ಕೊಳ್ಳುತ್ತಾರೆ, ಅನ್ನಕ್ಕೋ ದೋಸೆಗೋ ಎಂಬುದನ್ನೂ ಕೇಳಬೇಕು; ಇಲ್ಲದಿದ್ದರೆ ತಿಂಗಳ ಬಳಕೆಯ ಲೆಕ್ಕವೇ ತಪ್ಪುತ್ತದೆ. ಮನೆಗಳನ್ನು ಸರದಿಯಂತೆ, ಪ್ರತಿ ಐದನೆಯದನ್ನು ಹಿಡಿಯಿರಿ. ಸರಿಯಾಗಿ ಆರಿಸಿದ 96 ಮನೆ ಶೇ 10ರ ಹೆಚ್ಚುಕಡಿಮೆಯೊಳಗೆ ಉತ್ತರ ಕೊಡುತ್ತದೆ, ಶೇ 5 ಬೇಕೆಂದರೆ 385 ಮನೆ. ನಾಲ್ಕು ಪಟ್ಟು ಖರ್ಚಿಗೆ ನಿಖರತೆ ಎರಡೇ ಪಟ್ಟು, ಆದ್ದರಿಂದ ಸಣ್ಣ ಮಿಲ್ಲಿಗೆ ಊರಿಗೊಂದು ನೂರು ಮನೆ ಸಾಕು. ವಾಟ್ಸ್‌ಆ್ಯಪಿನಲ್ಲಿ ಲಿಂಕ್ ಹಂಚಿ ಸಾವಿರ ಉತ್ತರ ತಂದರೂ ಅದು ಪರಿಚಯದವರ ಅಭಿಪ್ರಾಯವಷ್ಟೇ.

ರುಚಿಯ ಪರೀಕ್ಷೆಯನ್ನು ಬಿಡಲೇಬಾರದು. ನಿಮ್ಮ ಅಕ್ಕಿ, ಎದುರಾಳಿಯ ಅಕ್ಕಿ, ಎರಡನ್ನೂ ಒಂದೇ ಅಳತೆಯ ಕುಕ್ಕರಿನಲ್ಲಿ ಮಾಡಿ. ಹಳೆ ಅಕ್ಕಿ ನೀರು ಹೆಚ್ಚು ಕುಡಿಯುತ್ತದೆ. ಎರಡಕ್ಕೂ ಒಂದೇ ಪ್ರಮಾಣದ ನೀರಿಟ್ಟರೆ ಹೊಸ ಅಕ್ಕಿ ಮುದ್ದೆಯಾಗಿ ಅನ್ಯಾಯವಾಗಿ ಸೋಲುತ್ತದೆ. ಆದ್ದರಿಂದ ಮೊದಲೇ ಬೇಯಿಸಿ ನೋಡಿ ಪ್ರತಿಯೊಂದಕ್ಕೂ ಸರಿಯಾದ ನೀರು ಗೊತ್ತು ಮಾಡಿಕೊಳ್ಳಬೇಕು. ತಟ್ಟೆಗೆ ಎ, ಬಿ ಎಂದು ಬರೆಯಬೇಡಿ, 'ಎ' ಎಂದರೆ ಮೇಲು ಎಂಬ ಭಾವನೆ ಬರುತ್ತದೆ. 427, 815ರಂಥ ಮೂರಂಕಿ ಸಂಖ್ಯೆ ಕೊಡಿ. ಅರ್ಧ ಜನಕ್ಕೆ ಒಂದು ಮೊದಲು, ಉಳಿದರ್ಧಕ್ಕೆ ಇನ್ನೊಂದು. ಸಾರು ಬೇಡ, ಬರೀ ಬಿಸಿ ಅನ್ನ, ನಡುವೆ ಗುಟುಕು ನೀರು. 30 ಜನರಲ್ಲಿ ಕನಿಷ್ಠ 21 ಮಂದಿ ಒಂದನ್ನೇ ಆರಿಸಿದರೆ ಮಾತ್ರ ಆಯ್ಕೆ ನಿಜ ಎನ್ನಬಹುದು, 40ಕ್ಕೆ 27. 30ರಲ್ಲಿ 18 ಬಂದರೆ ಅದನ್ನು ಗೆಲುವೆಂದು ಚೀಲದ ಮೇಲೆ ಅಚ್ಚು ಹಾಕಿಸಬೇಡಿ. ರಾತ್ರಿಗೆ ಉಳಿದ ಅನ್ನ ಹೇಗಿತ್ತು ಎಂದೂ ಕೇಳಿ. ತಣ್ಣಗಾದ ಮೇಲೆ ಬಿರುಸಾಗುವ ಅಕ್ಕಿಯನ್ನು ಜನ ಎರಡನೇ ಸಲ ಒಯ್ಯುವುದಿಲ್ಲ.

ದರಕ್ಕೆ ಹಲವರು ವಾನ್ ವೆಸ್ಟೆಂಡಾರ್ಪ್ ಪದ್ಧತಿಯ ನಾಲ್ಕು ಪ್ರಶ್ನೆ (ಯಾವ ದರ ದುಬಾರಿ, ಯಾವುದು ಅತಿ ದುಬಾರಿ, ಯಾವುದು ಅಗ್ಗ, ಯಾವುದು ಅನುಮಾನ ಬರುವಷ್ಟು ಅಗ್ಗ) ಬಳಸುತ್ತಾರೆ. ಅಕ್ಕಿಗೆ ಅದು ಹೊಂದುವುದಿಲ್ಲ, ಎಲ್ಲರಿಗೂ ಪೇಟೆ ದರ ಗೊತ್ತಿರುವುದರಿಂದ ಅದನ್ನೇ ತಿರುಗಿಸಿ ಹೇಳುತ್ತಾರೆ. ಮೂರು ಬಣ್ಣದ ಕಾರ್ಡಿನಲ್ಲಿ ಮೂರು ದರ ಬರೆದು, ಪ್ರತಿ ಮನೆಗೆ ಒಂದೇ ಕಾರ್ಡ್ ತೋರಿಸಿ, ಈಗಿನ ಚೀಲ ಬಿಟ್ಟು ಇದನ್ನು ಒಯ್ಯುತ್ತಾರೋ ಎಂದು ಕೇಳುವುದು ಉತ್ತಮ. ಇಲ್ಲೂ ಹೌದೆನ್ನುವವರು ನಿಜಕ್ಕಿಂತ ಹೆಚ್ಚೇ. ಹೋಲಿಸಬೇಕಾದದ್ದು ಕಾರ್ಡಿನಿಂದ ಕಾರ್ಡಿಗೆ ಎಷ್ಟು ಕುಸಿಯಿತು ಎಂಬುದನ್ನು.

ಇನ್ನು ಆ್ಯಪ್. ನೆಟ್‌ವರ್ಕ್ ಇರುವ ಊರಲ್ಲಿ ಗೂಗಲ್ ಫಾರ್ಮ್ ಸಾಕು. ಹಳ್ಳಿಗೆ ಓಡಿಕೆ ಕಲೆಕ್ಟ್ (ODK Collect) ಎಂಬ ಸಮೀಕ್ಷೆ ಆ್ಯಪ್: ಸಿಗ್ನಲ್ ಇಲ್ಲದೆಯೂ ತುಂಬಬಹುದು, ಒಂದೇ ಫಾರ್ಮಿನಲ್ಲಿ ಕನ್ನಡ, ತೆಲುಗು, ಉರ್ದು ಇಡಬಹುದು. ಬಳ್ಳಾರಿ, ರಾಯಚೂರಿಗೆ ಈ ಮೂರೂ ಬೇಕು. ಆ್ಯಪಿಗೆ ದುಡ್ಡಿಲ್ಲ, ಉತ್ತರಗಳು ಬಂದು ಸೇರುವ ಸರ್ವರ್ (ಕಂಪ್ಯೂಟರ್) ವ್ಯವಸ್ಥೆ ಮಾತ್ರ ಮಾಡಿಕೊಳ್ಳಬೇಕು. ಫಾರ್ಮ್ ಶುರುವಾದ, ಮುಗಿದ ಸಮಯ ದಾಖಲಾಗುವಂತೆ ಇಡಿ. ಹತ್ತು ನಿಮಿಷದ ಫಾರ್ಮ್ ಎರಡೇ ನಿಮಿಷಕ್ಕೆ ಮುಗಿದಿದ್ದರೆ ಹುಡುಗರು ಮರದ ನೆರಳಲ್ಲಿ ಕೂತು ತುಂಬಿದ್ದಾರೆಂದೇ ಅನುಮಾನಿಸಿ. ಹತ್ತರಲ್ಲಿ ಒಂದು ಮನೆಗೆ, ಮೊದಲೇ ಒಪ್ಪಿಗೆ ಪಡೆದ ನಂಬರಿಗೆ, ಮರುದಿನವೇ ಫೋನ್ ಮಾಡಿ ಎರಡು ಪ್ರಶ್ನೆ ಮತ್ತೆ ಕೇಳಿ. ಲೆಕ್ಕ ಹಾಕುವಾಗ ಊರುಗಳನ್ನು ಬೆರೆಸದೆ ಬೇರೆಬೇರೆ ಇಡಿ, 30ಕ್ಕಿಂತ ಕಡಿಮೆ ಉತ್ತರವಿರುವ ಗುಂಪಿಗೆ ಶೇಕಡಾವಾರು ಬರೆಯದೆ ಬರೀ ಸಂಖ್ಯೆ ಬರೆಯಿರಿ.