ಆ ಹೆಸರು ಹೇಳಿಸುವುದು

ನಮ್ಮ ಹತ್ತಿರ ಬರುವವರು ಯಾರೂ ‘ನನಗೆ ದುಃಖ ಆಗಿದೆ’ ಅಂತ ಮಾತು ಶುರು ಮಾಡುವುದಿಲ್ಲ. ತಲೆನೋವು, ಎದೆ ಭಾರ, ಕೈಕಾಲು ಉರಿ, ನಿದ್ದೆ ಇಲ್ಲ ಅನ್ನುತ್ತಾರೆ. ಬಿ.ಪಿ. ನೋಡಿಸಿ, ಸ್ಕ್ಯಾನ್ ಮಾಡಿಸಿ, ಎಲ್ಲ ನಾರ್ಮಲ್ ಅಂತ ಬಂದ ಮೇಲೆ ಡಾಕ್ಟರು ಆಪ್ತಸಮಾಲೋಚನೆಗೆ ಕಳಿಸಿರುತ್ತಾರೆ. ಆ ಉರಿ ಸುಳ್ಳಲ್ಲ. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಎಲ್ಲಿ ಉರಿ? ಹಗಲು ಜಾಸ್ತಿಯೋ, ರಾತ್ರಿಯೋ? ಯಾವಾಗಿನಿಂದ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಹೋಗಿಯೇ ಎಷ್ಟೋ ಜನ ಮಾತು ನಿಲ್ಲಿಸಿ ನೆಲ ನೋಡುತ್ತಾರೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಜೊತೆಗೆ ಆ ತಾಯಿಯ ತಂಗಿ ಬಂದಿದ್ದರು. ನಾನು ಏನು ಕೇಳಿದರೂ ತಂಗಿಯೇ ಉತ್ತರ ಕೊಡುತ್ತಿದ್ದರು. “ಸರಿಯಾಗಿ ಊಟ ಮಾಡಲ್ಲ ಮೇಡಂ. ಹೋದವನು ವಾಪಸ್ ಬರ್ತಾನಾ? ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ.” ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂತಿರಲು ಕೇಳಿಕೊಂಡೆ.

ಬುದ್ಧಿ ಹೇಳುವವರು ಆ ತಾಯಿಗೆ ಬೇಕಾದಷ್ಟು ಜನ ಸಿಕ್ಕಿದ್ದರು. ‘ಧೈರ್ಯ ತಗೋ’, ‘ದೇವರ ಇಚ್ಛೆ’, ‘ಇನ್ನೊಬ್ಬ ಮಗನ ಮುಖ ನೋಡಿ ಬದುಕು.’ ಪ್ರೀತಿಯಿಂದಲೇ ಹೇಳಿದ ಮಾತುಗಳು. ಆದರೆ ಎದುರಿಗೆ ಕೂತವರು ಅಳುವುದನ್ನು ನೋಡುತ್ತಾ ಇರುವುದು ಯಾರಿಗಾದರೂ ಕಷ್ಟ. ನಮಗೆ ತಡೆಯಲಾಗದೆ ನಾವು ಬೇಗ ಸಮಾಧಾನ ಹೇಳಿಬಿಡುತ್ತೇವೆ. ಆಮೇಲೆ ಅವರು ನಮಗಾಗಿ ಅಳು ನುಂಗಿಕೊಳ್ಳುತ್ತಾರೆ.

ನಾನು ಕೇಳಿದ್ದು ಇಷ್ಟೇ: “ನಿಮ್ಮ ಹುಡುಗನ ಹೆಸರೇನಮ್ಮ?” ತುಂಬ ಹೊತ್ತು ಉತ್ತರ ಬರಲಿಲ್ಲ. ನಾನೂ ಮಾತಾಡಲಿಲ್ಲ. ಸುಮ್ನೆ ಕೂರುವುದು ಈ ಕೆಲಸದಲ್ಲಿ ಕಷ್ಟಪಟ್ಟು ಕಲಿಯಬೇಕಾದ ವಿದ್ಯೆ. ಕೊನೆಗೆ ಹೆಸರು ಹೇಳಿದರು. “ಈ ಹೆಸರು ಬಾಯಿಗೆ ಬಂದು ಎಷ್ಟು ದಿನ ಆಯ್ತೋ ಮೇಡಂ. ನಾನು ಅಳ್ತೀನಿ ಅಂತ ಮನೇಲಿ ಯಾರೂ ಅವನ ಹೆಸರು ಎತ್ತಲ್ಲ” ಅಂದರು. ಆಮೇಲೆ ನಾನೇನೂ ಕೇಳಬೇಕಾಗಲಿಲ್ಲ. ಕೆಲಸದಿಂದ ಬಂದವನು ಚಪ್ಪಲಿ ಬಿಡುತ್ತಲೇ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದನಂತೆ. ಬಸ್ಸಾರು ಅಂದರೆ ಪ್ರಾಣ. ಅವನು ಹೋದ ಮೇಲೆ ಆ ಮನೆಯಲ್ಲಿ ಬಸ್ಸಾರು ಮಾಡಿಲ್ಲ.

ಅವತ್ತೇ ಇನ್ನೊಂದು ಪ್ರಶ್ನೆಯನ್ನೂ ನೇರವಾಗಿ ಕೇಳಿದೆ: “ನಾನೂ ಸತ್ತುಹೋಗಬೇಕು ಅಂತ ಅನ್ನಿಸುತ್ತಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಳಗೇ ಇಟ್ಟುಕೊಂಡಿದ್ದವರಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೂ ಮನೋವೈದ್ಯರಿಗೂ ತಿಳಿಸುತ್ತೇನೆ ಅಂತ ಮೊದಲೇ ಹೇಳಿರುತ್ತೇನೆ. 14416 ನಂಬರನ್ನೂ ಬರೆದು ಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿಯಲ್ಲಿ ನಾನು ಸಿಗುವುದಿಲ್ಲವಲ್ಲ.

ಮುಂದೆ ಒಂದು ದಿನ ಆ ತಾಯಿ ಬಂದವರೇ ತಮ್ಮನ್ನೇ ಬೈದುಕೊಂಡರು. ನೆಂಟರ ಮನೆಯ ನಾಮಕರಣದಲ್ಲಿ ಯಾರೋ ಏನೋ ಹೇಳಿದ್ದಕ್ಕೆ ಜೋರಾಗಿ ನಕ್ಕಿದ್ದರು. “ಮಗನ್ನ ಕಳಕೊಂಡವಳು ನಾನು. ನಗು ಹೆಂಗೆ ಬಂತು?” ನೋವು ಹಂತ ಹಂತವಾಗಿ ಇಳಿಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಐದು ಹಂತಗಳು (ನಂಬದಿರುವುದು, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಎಲ್ಲ ಕಡೆ ಓಡಾಡುತ್ತವೆ. ಆದರೆ ಅವು ಬಂದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆಗಿನ ಮಾತುಕತೆಯಿಂದ. ನನ್ನ ಕೆಲಸಕ್ಕೆ ಜಾಸ್ತಿ ಒದಗಿದ್ದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶಟ್ 1999ರಲ್ಲಿ ಮುಂದಿಟ್ಟ ವಿಚಾರ. ಕಳಕೊಂಡವರು ಒಂದು ಹೊತ್ತು ನೋವಿನಲ್ಲಿ ಮುಳುಗಿರುತ್ತಾರೆ, ಇನ್ನೊಂದು ಹೊತ್ತು ಬದುಕಿನ ಕೆಲಸಕ್ಕೆ ಕೈ ಹಾಕುತ್ತಾರೆ. ಮತ್ತೆ ನೋವಿಗೆ ಮರಳುತ್ತಾರೆ. ಈ ಹೋಗಿ ಬರುವುದೇ ಸಹಜ. ಇದನ್ನೇ ಆ ತಾಯಿಗೆ ಬಿಡಿಸಿ ಹೇಳಿದೆ: “ನಕ್ಕಿದ್ದಕ್ಕೆ ಮಗನನ್ನು ಮರೆತ ಹಾಗಾಗಲ್ಲಮ್ಮ. ರಾತ್ರಿ ಮತ್ತೆ ಅಳು ಬಂದರೆ ವಾಸಿಯಾಗಿದ್ದು ಹಾಳಾಯಿತು ಅಂತಲೂ ಅಲ್ಲ.” ಅವರು ಕೇಳಿದರು, “ಹಂಗಾದ್ರೆ ನಾನು ಕೆಟ್ಟವಳಲ್ವಾ?”

ಇಂಥ ದಿನ ನನಗೂ ಮನೆಗೆ ಹೋಗಿ ತುತ್ತು ಇಳಿಯುವುದಿಲ್ಲ. ಹಿರಿಯ ಸಮಾಲೋಚಕರೊಬ್ಬರ ಹತ್ತಿರ ಕೂತು, ಗುರುತು ಹೇಳದೆ, ನನಗೆ ಏನಾಯಿತು ಅಂತ ಮಾತಾಡುತ್ತೇನೆ. ಈ ಕೆಲಸ ಮಾಡುವವರು ಇದನ್ನು ಬಿಡಬಾರದು.

ಕೊನೆಗೆ ತಂಗಿಯನ್ನೂ ಒಳಗೆ ಕರೆದೆ. “ಮನೆಯಲ್ಲಿ ಅವನ ಹೆಸರು ಹೇಳಿ. ಅಕ್ಕನಿಗೆ ಅಳು ಬಂದರೆ ಬರಲಿ, ಮಾತು ಬದಲಿಸಬೇಡಿ, ಪಕ್ಕದಲ್ಲಿ ಕೂತಿರಿ” ಅಂದೆ. ತಲೆ ಆಡಿಸಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ಅವರೇ ಅಳಲು ಶುರು ಮಾಡಿದರು. “ಅವನನ್ನ ಎತ್ತಿ ಆಡಿಸಿದವಳು ನಾನು ಮೇಡಂ. ಅಕ್ಕನ ಮುಂದೆ ಅಳಬಾರದು ಅಂತ ಇಷ್ಟು ದಿನ ತಡಕೊಂಡಿದ್ದೆ.” ಅಕ್ಕ ಎದ್ದು ಬಂದು ತಂಗಿಯ ಬೆನ್ನು ಸವರಿದರು. ಮುಂದಿನ ವಾರದಿಂದ ಇಬ್ಬರಿಗೂ ಬೇರೆ ಬೇರೆ ಸಮಯ ಕೊಟ್ಟೆ.