ಹ್ಯಾಡ್ ಎಲ್ಲಿ ಬೇಕು, ಎಲ್ಲಿ ಬೇಡ

ಬೇರೆಯವರು ಬರೆದ ಇಂಗ್ಲಿಷ್ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಅದರಲ್ಲಿ ನಾನು ಅತಿ ಹೆಚ್ಚು ಹೊಡೆದುಹಾಕುವ ಪದ ‘ಹ್ಯಾಡ್’. ಮೊದಲು ನಡೆದದ್ದಕ್ಕೆ ಪಾಸ್ಟ್ ಪರ್ಫೆಕ್ಟ್ (‘ಹ್ಯಾಡ್ ಗಾನ್’ ಥರ ಹ್ಯಾಡ್ ಸೇರಿದ ರೂಪ), ಆಮೇಲೆ ನಡೆದದ್ದಕ್ಕೆ ಸಿಂಪಲ್ ಪಾಸ್ಟ್ (‘ವೆಂಟ್’ ಥರ ಹ್ಯಾಡ್ ಇಲ್ಲದ ರೂಪ) ಎಂಬ ಶಾಲೆಯ ಸೂತ್ರ ಸುಳ್ಳೇನಲ್ಲ. ಆದರೆ ಕೊನೆಯ ಘಟನೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಯಾವುದೋ ಒಂದಕ್ಕಿಂತ ಮೊದಲಿನವೇ ತಾನೆ? ಸೂತ್ರವನ್ನೇ ನೆಚ್ಚಿಕೊಂಡವರು ಸಾಲುಸಾಲಿಗೂ ಹ್ಯಾಡ್ ತುರುಕುತ್ತಾರೆ.

ನಾನು ನೋಡುವುದು ಹೇಳುವ ಕ್ರಮವನ್ನು. ನಡೆದಂತೆಯೇ ಹೇಳುತ್ತಾ ಹೋದರೆ ಸಿಂಪಲ್ ಪಾಸ್ಟ್ ಸಾಕು. ‘ಶಿ ಲಾಕ್ಡ್ ದ ಡೋರ್ ಅಂಡ್ ವೆಂಟ್ ಹೋಮ್’ ಎಂದರೆ ಬೀಗ ಹಾಕಿದ್ದು ಮೊದಲೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದೆ ಸಾಗುತ್ತಿದ್ದ ಕಥನ ಒಂದು ಕಡೆ ನಿಂತು ಹಿಂದಿರುಗಿ ನೋಡಿದಾಗಲಷ್ಟೇ ಹ್ಯಾಡ್‌ಗೆ ಕೆಲಸ. ‘ಆಫ್ಟರ್’, ‘ಬಿಫೋರ್’ ಇದ್ದರೆ ಅವೇ ಕ್ರಮವನ್ನು ಹೇಳಿಬಿಡುವುದರಿಂದ ಅಲ್ಲೂ ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ.

‘ವೆನ್’ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ‘ವೆನ್ ದ ಗಾರ್ಡ್ ಕೇಮ್, ದ ಅಲಾರ್ಮ್ ಸ್ಟಾಪ್ಡ್’ ಎಂದು ಬರೆದರೆ ಕಾವಲುಗಾರ ಬಂದ, ಆಗ ಸದ್ದು ನಿಂತಿತು; ಅವನೇ ನಿಲ್ಲಿಸಿದನೇನೋ ಎಂಬ ಅನುಮಾನವೂ ಮೂಡುತ್ತದೆ. ‘ಹ್ಯಾಡ್ ಸ್ಟಾಪ್ಡ್’ ಎಂದರೆ ಅವನು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ತನಿಖಾ ವರದಿಯಲ್ಲಿ ಈ ವ್ಯತ್ಯಾಸ ಒಬ್ಬನ ಕೆಲಸಕ್ಕೇ ಕುತ್ತು ತರಬಹುದು. ಇಂಥ ಕಡೆ ನಾನಾಗಿ ತಿದ್ದುವುದಿಲ್ಲ, ಬರೆದವರನ್ನೇ ಕೇಳುತ್ತೇನೆ.

ಕನ್ನಡದವರ ಬರಹದಲ್ಲಿ ಇನ್ನೊಂದು ಬಗೆಯ ಹ್ಯಾಡ್ ಇದೆ. ‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎಂದರೆ ನಮಗೆ ಅಲ್ಲಿಗೆ ಮಾತು ಮುಗಿಯಿತು. ಅದೇ ಜಾಡಿನಲ್ಲಿ ‘ಐ ಹ್ಯಾಡ್ ಗಾನ್ ಟು ದ ಬ್ಯಾಂಕ್ ಯೆಸ್ಟರ್‌ಡೇ’ ಎಂದು ಬರೆದು ನಿಲ್ಲಿಸಿದರೆ, ಯಾವುದಕ್ಕಿಂತ ಮೊದಲು ಎಂದು ಇಂಗ್ಲಿಷ್ ಓದುಗರು ಕಾಯುತ್ತಾ ಕೂರುತ್ತಾರೆ. ಇನ್ನೊಂದು ಘಟನೆ ಅಕ್ಕಪಕ್ಕದ ವಾಕ್ಯಗಳಲ್ಲೂ ಸಿಗದಿದ್ದರೆ ಅದನ್ನು ‘ವೆಂಟ್’ ಮಾಡಿ ಮುಂದಕ್ಕೆ ಹೋಗುತ್ತೇನೆ.

ಹಿಂದಿನ ಕಥೆ ಪುಟಗಟ್ಟಲೆ ಇದ್ದರೆ ಮೊದಲ ಒಂದೆರಡು ವಾಕ್ಯಗಳಿಗೆ ಹ್ಯಾಡ್ ಕೊಟ್ಟು, ಆಮೇಲೆ ಸಿಂಪಲ್ ಪಾಸ್ಟ್‌ಗೆ ಇಳಿಯುತ್ತೇನೆ. ಓದುಗರು ಆಗಲೇ ಆ ಕಾಲಕ್ಕೆ ಹೋಗಿ ಕುಳಿತಿರುತ್ತಾರೆ. ವಾಪಸ್ ಬರುವ ಜಾಗದಲ್ಲಿ ಗಂಟೆಯನ್ನೋ ದಿನವನ್ನೋ ನಮೂದಿಸಿದರಾಯಿತು.

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ನನ್ನ ಕೈ ಬಿಗಿ. ‘ಹಿ ಸೆಡ್ ಹಿ ವಾಸ್ ಇಲ್’ ಎಂದರೆ ಹೇಳುವಾಗಲೇ ಅವನಿಗೆ ಕಾಯಿಲೆ ಎಂದು ಓದುವವರೇ ಹೆಚ್ಚು. ‘ಹ್ಯಾಡ್ ಬೀನ್ ಇಲ್’ ಎಂದರೆ ಅದಕ್ಕೂ ಹಿಂದೆ. ರಜೆಯ ಲೆಕ್ಕವೆಲ್ಲ ಅಲ್ಲೇ ಏರುಪೇರು. ಮೂಲ ಹೇಳಿಕೆ ಕೈಗೆ ಸಿಗುವವರೆಗೆ ಆ ಸಾಲಿನ ಹ್ಯಾಡ್ ಅನ್ನು ನಾನು ಮುಟ್ಟುವುದಿಲ್ಲ.