ಅದಿರು ದೂಳಿನ ಊರಲ್ಲಿ ಗ್ಯಾಲಕ್ಸಿ ಎಸ್ ಬಿಚ್ಚಿ ಕೂಡಿಸುವುದು

2014ರ ಸ್ಯಾಮ್‌ಸಂಗ್ ಫೋನ್ ಗ್ಯಾಲಕ್ಸಿ ಎಸ್5ರ ಹಿಂಬದಿ ಮುಚ್ಚಳವನ್ನು ಉಗುರಿನಿಂದಲೇ ಎಬ್ಬಿಸಿ ಬ್ಯಾಟರಿ ತೆಗೆಯಬಹುದಿತ್ತು. ಮುಚ್ಚಳದ ಒಳಗಿನ ರಬ್ಬರ್ ಗ್ಯಾಸ್ಕೆಟ್ ನೀರು ತಡೆಯುತ್ತಿತ್ತು. ಮರುವರ್ಷದ ಎಸ್6ರಲ್ಲಿ ಹಿಂದೆ ಮುಂದೆ ಗಾಜು ಬಂತು, ಬ್ಯಾಟರಿ ಒಳಗೇ ಅಂಟಿಕೊಂಡಿತು, ನೀರಿನ ರಕ್ಷಣೆ ಹೋಯಿತು. 2016ರ ಎಸ್7ರಲ್ಲಿ ಅದು ಐಪಿ68 (ದೂಳು, ನೀರು ತಡೆಯುವ ದರ್ಜೆ) ಆಗಿ ವಾಪಸ್ ಬಂತು. ಟೈಟಾನಿಯಂ ಫ್ರೇಮಿನ ಎಸ್24 ಅಲ್ಟ್ರಾವರೆಗೂ ಆ ರಕ್ಷಣೆಯ ದೊಡ್ಡ ಪಾಲು ನಿಂತಿರುವುದು ಬ್ಯಾಕ್ ಗ್ಲಾಸಿನ ಸುತ್ತ ಇರುವ ತೆಳ್ಳನೆಯ ಗಮ್ ಪಟ್ಟಿಯ ಮೇಲೆ.

68ರಲ್ಲಿ 6 ದೂಳಿನ ಲೆಕ್ಕ, 8 ನೀರಿನ ಲೆಕ್ಕ. ಎಲ್ಲರೂ 8ರ ಬಗ್ಗೆ ಕೇಳುತ್ತಾರೆ. ಬಳ್ಳಾರಿಯಲ್ಲಿ ಫೋನ್ ರಿಪೇರಿ ಮಾಡುವ ನಾನು ಮೊದಲು ನೋಡುವುದು 6. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಫೋನಿನ ರಿಂಗರ್ (ಸ್ಪೀಕರ್) ಜಾಲರಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಪುಡಿ ಮುಳ್ಳು ಮುಳ್ಳಾಗಿ ನಿಂತಿರುತ್ತದೆ. ರಿಂಗರಿನೊಳಗಿನ ಅಯಸ್ಕಾಂತ ಕಬ್ಬಿಣದ ಪುಡಿಯನ್ನು ಎಳೆದು ಹಿಡಿದಿರುತ್ತದೆ. ಒಮ್ಮೆ ಬಿಚ್ಚಿದ ಗಾಜನ್ನು ಅರೆಬರೆ ಅಂಟಿಸಿ ಕೊಟ್ಟರೆ ಅದೇ ಪುಡಿ ಬೋರ್ಡಿನ ಮೇಲೂ ಕ್ಯಾಮೆರಾ ಗಾಜಿನ ಒಳಮೈಗೂ ಹೋಗಿ ಕೂರುತ್ತದೆ.

ಬ್ಯಾಟರಿ ಬದಲಿಸುವ ಕೆಲಸ ನಾನು ಮಾಡುವುದು ಹೀಗೆ. ಚಾರ್ಜ್ ಶೇಕಡಾ 25ಕ್ಕಿಂತ ಕೆಳಗಿಳಿಸಿ, ಸ್ವಿಚ್ ಆಫ್ ಮಾಡಿ, ಸಿಮ್ ಟ್ರೇ ತೆಗೆದಿಡುತ್ತೇನೆ. ಹಿಂಬದಿಯನ್ನು 80 ಡಿಗ್ರಿಯ ಹೀಟ್ ಪ್ಲೇಟಿನ ಮೇಲೆ ನಾಲ್ಕೈದು ನಿಮಿಷ ಇಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅಂಗಡಿಯೊಳಗೇ 40 ಡಿಗ್ರಿ ಇರುವಾಗ ಮೂರು ನಿಮಿಷ ಸಾಕು. ಹಾಟ್ ಏರ್ ಬಳಸುವವರು ಒಂದೇ ಕಡೆ ಹಿಡಿಯಬಾರದು. ಕಾವು ಡಿಸ್‌ಪ್ಲೇಗೆ ತಗುಲಿದರೆ ಹಳದಿ ಕಲೆ ಉಳಿಯುತ್ತದೆ, ಬ್ಯಾಟರಿಗೂ ಅಪಾಯ.

ಕೆಳ ಅಂಚಿಗೆ ಸಕ್ಷನ್ ಕಪ್ ಒತ್ತಿ ಎಳೆದಾಗ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಅಲ್ಲಿ ಒಂದು ಹನಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಬಿಟ್ಟು ಪ್ಲಾಸ್ಟಿಕ್ ಪಿಕ್ ತೂರಿಸಬೇಕು. ತುದಿ ತೀರಾ ಒಳಗೆ ಹೋದರೆ ವೈರ್‌ಲೆಸ್ ಚಾರ್ಜಿಂಗ್ ಕಾಯಿಲ್‌ಗೆ ತಗುಲಬಹುದು. ಎಸ್7ನಂತೆ ಅಂಚು ಬಾಗಿದ ಗಾಜು ಬಾಗಿನಲ್ಲೇ ಸೀಳುತ್ತದೆ. ಅಲ್ಲಿ ಪಿಕ್ ಓರೆ ಮಾಡಬಾರದು, ಮತ್ತೆ ಕಾಯಿಸಬೇಕು. ಎಸ್8ರಲ್ಲಿ ಫಿಂಗರ್‌ಪ್ರಿಂಟ್ ಸ್ಟ್ರಿಪ್ ಹಿಂಗಾಜಿಗೇ ಅಂಟಿರುತ್ತದೆ, ಜೋರಾಗಿ ಎತ್ತಿದರೆ ಹರಿಯಿತು ಅಂತಲೇ.

ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಮಿಕ್ಕಿದ್ದು ಆಮೇಲೆ. ಎಳೆಯುವ ಪಟ್ಟಿ ಇಲ್ಲದ ಹಳೆ ಮಾಡೆಲುಗಳಲ್ಲಿ ಬ್ಯಾಟರಿಯ ಪಕ್ಕದಿಂದ ಐಪಿಎ ಬಿಟ್ಟು ಮೂರು ನಿಮಿಷ ಕಾದು ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸುತ್ತೇನೆ. ಲೋಹದ ಸ್ಪಡ್ಜರ್ (ಎಬ್ಬಿಸುವ ಚಪ್ಪಟೆ ಕಡ್ಡಿ) ಕೂಡದು. ಬಾಗಿದ, ಉಬ್ಬಿದ ಬ್ಯಾಟರಿ ಮತ್ತೆ ಹಾಕುವಂತಿಲ್ಲ. ಬ್ಯಾಟರಿಗೆ ಬೆಂಕಿ ಹತ್ತಿದರೆಂದು ಪಕ್ಕದಲ್ಲಿ ಮರಳು ತುಂಬಿದ ಬಕೆಟ್ ಇರಲೇಬೇಕು.

ಗಾಜು ಬಿಚ್ಚಲು ಹತ್ತು ನಿಮಿಷ ಹಿಡಿದರೆ ಹಳೆ ಗಮ್ ತೆಗೆಯಲು ಅರ್ಧ ಗಂಟೆ ಹಿಡಿಯುತ್ತದೆ, ಈ ಅರ್ಧ ಗಂಟೆಯಲ್ಲೇ ಕೆಲಸದ ಹಣೆಬರಹ ತೀರ್ಮಾನವಾಗುತ್ತದೆ. ಫ್ರೇಮಿನ ತೋಡಿನಲ್ಲಿ ಸಾಸಿವೆಯಷ್ಟು ಹಳೆ ಗಮ್ ಉಳಿದರೂ ಗಾಜು ಆ ಕಡೆ ಎತ್ತರ ಕೂರುತ್ತದೆ, ಅದರ ಪಕ್ಕದಲ್ಲೇ ದೂಳಿಗೆ ದಾರಿ. ಐಪಿಎ ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಬೆರಳು ತಾಗಿಸದೆ, ಆ ಮಾಡೆಲಿಗೇ ಕತ್ತರಿಸಿದ ಗಮ್ ಶೀಟ್ ಹಾಕಬೇಕು. ಬಿ-7000 ಗಮ್ ಟ್ಯೂಬಿನಿಂದ ಎಳೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹೆಚ್ಚಾದದ್ದು ಮೈಕ್ ದಾರಿಗೆ ಇಳಿಯುತ್ತದೆ. ಮುಚ್ಚುವ ಮುನ್ನ ಫ್ಯಾನ್ ಆರಿಸಿ, ಕ್ಯಾಮೆರಾ ಗಾಜಿಗೆ ರಬ್ಬರ್ ಬ್ಲೋವರ್ ಊದಿ, ಗಾಜು ಸ್ವಲ್ಪ ಬೆಚ್ಚಗೆ ಮಾಡಿ ಕೂರಿಸಿ, ಅರ್ಧ ಗಂಟೆ ಕ್ಲಾಂಪಿನಲ್ಲಿ ಬಿಡುತ್ತೇನೆ.

ಸೀಲ್ ಸರಿ ಕೂತಿದೆಯೇ ಎಂದು ಫೋನನ್ನೇ ಕೇಳಬಹುದು. ಡಯಲರಿನಲ್ಲಿ *#0*# ಒತ್ತಿ, ಸೆನ್ಸರ್ ಪುಟಕ್ಕೆ ಹೋದರೆ ಬ್ಯಾರೋಮೀಟರ್ ಗಾಳಿಯ ಒತ್ತಡ ತೋರಿಸುತ್ತದೆ. ಬಳ್ಳಾರಿಯ ಎತ್ತರಕ್ಕೆ 950 ಹೆಕ್ಟೊಪಾಸ್ಕಲ್ ಆಸುಪಾಸು. ಹೆಬ್ಬೆರಳಿನಿಂದ ಸ್ಕ್ರೀನಿನ ನಡುಭಾಗ ಹದವಾಗಿ ಒತ್ತಿದಾಗ ಒಳಗಿನ ಗಾಳಿ ಹಿಂಡಿ ಅಂಕಿ ಜಿಗಿಯಬೇಕು, ಆಮೇಲೆ ನಿಧಾನ ಇಳಿಯಬೇಕು. ಒತ್ತಿದರೂ ಅಂಕಿ ಅಲುಗದಿದ್ದರೆ ಎಲ್ಲೋ ಸಂದಿ ಇದೆ. ಬಿಚ್ಚುವ ಮುನ್ನವೂ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಹೋಲಿಸಲು ಸುಲಭ. ಇದರಿಂದ ಕಂಪನಿಯ ಐಪಿ68 ಮರಳಿ ಬಂತೆಂದು ಅರ್ಥವಲ್ಲ. ಬಿಚ್ಚಿದ ಫೋನನ್ನು ತುಂಗಭದ್ರಾ ಕಾಲುವೆಯಲ್ಲಿ ಅದ್ದಿ ನೋಡಬೇಡಿ ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳುತ್ತೇನೆ.

ಎಸ್21ರಿಂದ ಸಿಮ್ ಟ್ರೇ ಕೆಳ ಅಂಚಿಗೆ ಬಂದಿದೆ, ಹತ್ತಿರದಲ್ಲೇ ಮೈಕ್ ತೂತು. ಅವಸರದಲ್ಲಿ ಪಿನ್ ಅಲ್ಲಿಗೆ ಚುಚ್ಚಿದರೆ ಒಳಗಿನ ತೆಳುಪೊರೆ ಹರಿಯಬಹುದು. ಚಾರ್ಜಿಂಗ್ ಪೋರ್ಟ್ ಒಣಗಿದ್ದರೂ ಸ್ಕ್ರೀನಿನ ಮೇಲಿನ ನೀರಿನ ಹನಿಯ ಗುರುತು ಹೋಗದಿದ್ದರೆ ಅದು ಬಹಳ ಸಲ ಪುಡಿಯ ಇಲ್ಲವೇ ತುಕ್ಕಿನ ಕೆಲಸ. ಸ್ವಿಚ್ ಆಫ್ ಮಾಡಿ, ಮೆತ್ತನೆಯ ಬ್ರಷ್ಷಿಗೆ ಐಪಿಎ ಮುಟ್ಟಿಸಿ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಿಂಗರಿನ ಕಬ್ಬಿಣದ ಪುಡಿಯನ್ನು ಬ್ರಷ್ ಒಳಕ್ಕೇ ನೂಕುತ್ತದೆ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಪೊರೆಯನ್ನೇ ಸೀಳುತ್ತದೆ. ಮಾಸ್ಕಿಂಗ್ ಟೇಪನ್ನು ಅಂಟು ಹೊರಗಿರುವಂತೆ ಸುರುಳಿ ಸುತ್ತಿ, ಜಾಲರಿಗೆ ಒತ್ತಿ ಎತ್ತಬೇಕು, ಪ್ರತಿ ಸಲ ಹೊಸ ಮೈ ತಿರುಗಿಸಿಕೊಂಡು. ಟೇಪಿಗೆ ಕಪ್ಪು ಹತ್ತುವುದು ನಿಲ್ಲುವವರೆಗೆ.